ಸ್ವೆಟರ್ ಮುಟ್ಟಿದರೆ ಯಾರ ಕನಸು ಬೀಳುತ್ತೆ? ಲೋಯಿಸ್ ಲೌರಿಯ ‘ಗಾಸಮರ್’

ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕ ತಗೊಳ್ಳಿ. ಆದರೆ ಮಗುವಿನ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋಗಬೇಡಿ, ಪಕ್ಕದಲ್ಲಿ ಕೂತು ಓದಿ. ಯಾಕೆ ಅಂತ ಹೇಳುವಷ್ಟರಲ್ಲಿ ಸ್ವಲ್ಪ ಉದ್ದವಾಗುತ್ತೆ. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ನಿನ್ನೆಯಿಂದ ಕರೆಂಟೂ ಇಲ್ಲ, ಫೋನಿನಲ್ಲಿ ಇನ್ನೂ ಅರ್ಧ ಚಾರ್ಜ್ ಇದೆ. ಬರೆಯೋಣ.

ಪುಸ್ತಕದ ಹೆಸರು ‘ಗಾಸಮರ್’. ಬರೆದವರು ಅಮೆರಿಕದ ಲೋಯಿಸ್ ಲೌರಿ. 2006ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. 140 ಪುಟದ ಆಸುಪಾಸು, ಚಿಕ್ಕ ಚಿಕ್ಕ ಅಧ್ಯಾಯಗಳು, ದಿನಕ್ಕೆ ಎರಡು ಓದಿದರೂ ಎರಡು ವಾರದಲ್ಲಿ ಮುಗಿಯುತ್ತೆ. ನನಗೆ ಸಿಕ್ಕಿದ್ದು ಮೈಸೂರಿನ ಒಂದು ಹಳೆ ಪುಸ್ತಕದಂಗಡಿಯಲ್ಲಿ, 120 ರೂಪಾಯಿಗೆ. ಹೊದಿಕೆ ಚೆನ್ನಾಗಿದೆ ಅಂತ ಸುಮ್ನೆ ತಂದು ಕಪಾಟಿನಲ್ಲಿಟ್ಟು ಮರೆತಿದ್ದೆ. ಗಾಸಮರ್ ಅಂದರೆ ಜೇಡ ಗಾಳಿಗೆ ಬಿಡುವ ತೆಳ್ಳನೆಯ ಎಳೆ. ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ಕಾಫಿ ಗಿಡದಿಂದ ಗಿಡಕ್ಕೆ ಇಬ್ಬನಿ ಹಿಡಿದುಕೊಂಡು ಹೊಳೆಯುತ್ತಿರುತ್ತದಲ್ಲ, ಮುಖಕ್ಕೆ ಅಂಟಿದ ಮೇಲೇ ಗೊತ್ತಾಗುತ್ತದಲ್ಲ, ಅದೇ. ಅಷ್ಟು ಹಗುರವಾಗಿ ಮುಟ್ಟಬಲ್ಲ ಒಬ್ಬ ಪುಟ್ಟ ಹುಡುಗಿಯ ಕತೆ ಇದು.

ಅವಳು ಮನುಷ್ಯಳಲ್ಲ. ರಾತ್ರಿ ನಾವು ಮಲಗಿದ ಮೇಲೆ ಮನೆಯೊಳಗೆ ಬರುವವರ ಪೈಕಿ. ಅವರ ಕೆಲಸ ಕನಸು ಕೊಡುವುದು. ಮನೆಯಲ್ಲಿರುವ ಸಾಮಾನುಗಳನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟುತ್ತಾರೆ. ಫೋಟೋ, ಅಂಗಿಯ ಗುಂಡಿ, ಕಪ್ಪೆಚಿಪ್ಪು, ಹೀಗೆ. ಆ ವಸ್ತುವಿನಲ್ಲಿ ಉಳಿದಿರುವ ನೆನಪಿನ ಚೂರುಗಳು ಅವರ ಬೆರಳಿಗೆ ಬರುತ್ತವೆ. ಚೂರುಗಳನ್ನು ಸೇರಿಸಿ ಕನಸು ಮಾಡಿ ಮಲಗಿದವರಿಗೆ ಕೊಟ್ಟು ಹೋಗುತ್ತಾರೆ. ಇನ್ನೊಂದು ಕಡೆ ಕೆಟ್ಟ ಕನಸು ಊದುವ ಕುದುರೆಗಳಿವೆ, ಸಿನಿಸ್ಟೀಡ್ ಅಂತ ಹೆಸರು. ಈ ಹುಡುಗಿ ಹೋಗುವ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು, ಅವಳ ನಾಯಿ ಟೋಬಿ. ಅಲ್ಲಿಗೆ ಜಾನ್ ಎನ್ನುವ ಎಂಟು ವರ್ಷದ ಹುಡುಗ ಬರುತ್ತಾನೆ. ಅಪ್ಪನ ಕೈಯಲ್ಲಿ ತುಂಬ ಅನುಭವಿಸಿದವನು. ಬಾಯಿ ತೆಗೆದರೆ ಸಿಟ್ಟು. ಅವನಮ್ಮ ಬೇರೆ ಕಡೆ ಇದ್ದುಕೊಂಡು, ಕೆಲಸ ಮಾಡಿ, ಮಗನನ್ನು ವಾಪಸ್ ಪಡೆಯಲು ಒದ್ದಾಡುತ್ತಿದ್ದಾಳೆ. ಕತೆ ಇಷ್ಟೇ. ಕೊನೆ ಹೇಳುವುದಿಲ್ಲ.

ಈಗ ನಮ್ಮ ಮನೆ ಕತೆ. ಅಕ್ಕನನ್ನು ಕೊಟ್ಟಿದ್ದು ಮಕ್ಕಂದೂರು ಕಡೆ. 2018ರ ಆಗಸ್ಟ್ ಗೊತ್ತಲ್ಲ, ಮಳೆಗೆ ಕೊಡಗಿನ ಗುಡ್ಡಗಳು ಜಾರಿದ್ದು. ಮಕ್ಕಂದೂರು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ, ಮುಕ್ಕೋಡ್ಲು, ಆ ವಾರ ಎಲ್ಲ ಊರಿನ ಹೆಸರೂ ಟಿವಿಯಲ್ಲಿ ಬಂತು. ಅಕ್ಕ, ಭಾವ, ಮಗಳು ಮೂವರೂ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಮನೆ ಹೋಯಿತು, ಮೆಣಸು ಹಬ್ಬಿಸಿದ್ದ ಮರಗಳ ಸಮೇತ ತೋಟ ಕೆಳಗೆ ಹೋಯಿತು. ಮಗಳಿಗೆ ಆಗ ಆರು ವರ್ಷ. ಪರಿಹಾರ ಕೇಂದ್ರದಲ್ಲಿ ಕೆಲವು ದಿನ ಇದ್ದು ಆಮೇಲೆ ನಮ್ಮಲ್ಲಿಗೆ ಬಂದರು. ಅವಳು ಅಳಲಿಲ್ಲ, ಊಟ ಮಾಡಿದಳು, ಶಾಲೆಗೂ ಹೋದಳು. ಆದರೆ ರಾತ್ರಿ ಮಳೆ ಜೋರಾದರೆ ಎದ್ದು ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಹಾಸಿಗೆಯಲ್ಲೇ. ಒಂದು ಮಳೆಗಾಲ ಹೋಯಿತು, ಸ್ವಲ್ಪ ಕಡಿಮೆಯಾಯಿತು ಅಂದುಕೊಂಡೆವು.

2020ರ ಆಗಸ್ಟಿನಲ್ಲಿ ಕೊರೊನಾ ಅಂತ ಶಾಲೆ ಬಂದ್. ಸಾಮಾನ್ಯವಾಗಿ ನಮ್ಮ ಮಕ್ಕಳು ಮಳೆಗಾಲದಲ್ಲಿ ಡಿಸಿ ರಜೆ ಕೊಟ್ಟರಾ ಅಂತ ಬೆಳಿಗ್ಗೆ ಎದ್ದು ಕೇಳುವವರು, ಆ ವರ್ಷ ಅದೂ ಇರಲಿಲ್ಲ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ನೇರಳೆ ಬಣ್ಣದ ಪಾಯಸ ತಿಂದು, ಮರುದಿನ ಉಚ್ಚೆಯ ಬಣ್ಣ ಹೇಗಿರುತ್ತೆ ಅಂತ ನಕ್ಕು ಮಲಗುವ ಹೊತ್ತಿಗೆ ಒಂದು ಕತೆ ಬೇಕು ಅಂದಳು. ಕೈಗೆ ಸಿಕ್ಕಿದ್ದು ಈ ಪುಸ್ತಕ. ಪುಟ ನೋಡಿ ನನ್ನಷ್ಟಕ್ಕೆ ಇಂಗ್ಲಿಷ್ ಓದಿಕೊಂಡು ಬಾಯಲ್ಲಿ ಕನ್ನಡ ಹೇಳುತ್ತಾ ಹೋದೆ. ಅವಳಿಗೂ ಎಂಟು, ಜಾನ್‌ಗೂ ಎಂಟು. ನಾನು ಮೊದಲೇ ಓದಿಕೊಂಡಿರಲಿಲ್ಲ. ಅದು ತಪ್ಪು, ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಹೇಳುವವರಿಗೆ ಮೊದಲ ತಲೆನೋವು ಹೆಸರುಗಳು. ಈ ಕನಸಿನವರಿಗೆಲ್ಲ ಗುಣವೇ ಹೆಸರು. ಎಲ್ಲರಿಗಿಂತ ಪುಟ್ಟವಳನ್ನು ನಾನು ‘ಪುಟಾಣಿ’ ಅಂದೆ. “ಚಿಕ್ಕಮ್ಮ, ಪುಟಾಣಿ ಅಂದ್ರೆ ಹುರಿಗಡಲೆ” ಅಂತ ತಿರಸ್ಕಾರ ಆಯಿತು. ಕೊನೆಗೆ ‘ಚಿಕ್ಕಿ’ಗೆ ಒಪ್ಪಿದಳು. ಅದೂ ತಿನ್ನುವ ವಸ್ತುವೇ ಅಂತ ನಾನು ಬಾಯಿ ಬಿಡಲಿಲ್ಲ. ಚಿಕ್ಕಿಗೆ ಕೆಲಸ ಕಲಿಸುವ ಮುದುಕ ‘ಸಣಕಲಜ್ಜ’. ಅವನಿಗಿಂತ ಮೊದಲು ಕಲಿಸಲು ಬಂದು, ಹುಡುಗಿ ಪ್ರಶ್ನೆ ಜಾಸ್ತಿ ಕೇಳುತ್ತಾಳೆ ಅಂತ ಮೂಗು ಮುರಿಯುವವಳು ‘ಸಿಡುಕಮ್ಮ’. ಕುದುರೆಗಳಿಗೆ ‘ಕೇಡುಗುದುರೆ’ ಅಂತ ಇಟ್ಟೆ, ಅದರ ಬಗ್ಗೆ ಈಗಲೂ ನನಗೆ ಸ್ವಲ್ಪ ಜಂಬವಿದೆ.

ಕುದುರೆ ಯಾಕೆ ಅಂತ ಅವಳು ಕೇಳಿದಳು. ಇಂಗ್ಲಿಷಿನಲ್ಲಿ ಕೆಟ್ಟ ಕನಸಿಗೆ ನೈಟ್‌ಮೇರ್ ಅನ್ನುತ್ತಾರೆ, ಮೇರ್ ಅಂದರೆ ಹೆಣ್ಣು ಕುದುರೆ, ಅದರ ಮೇಲೆ ಮಾಡಿದ ಆಟ ಇದು. ನಿಜ ಹೇಳಬೇಕೆಂದರೆ ಆ ಪದದ ಮೇರ್ ಕುದುರೆಯೇ ಅಲ್ಲ, ಮಲಗಿದವರ ಎದೆ ಮೇಲೆ ಬಂದು ಕೂರುವ ದೆವ್ವಕ್ಕೆ ಹಳೆ ಇಂಗ್ಲಿಷಿನಲ್ಲಿದ್ದ ಹೆಸರು. ಇದನ್ನೆಲ್ಲ ಎಂಟು ವರ್ಷದವಳಿಗೆ ರಾತ್ರಿ ಒಂಬತ್ತಕ್ಕೆ ಹೇಳಲಿಕ್ಕಾಗುತ್ತಾ? “ನಮ್ಮಲ್ಲಾದ್ರೆ ಆನೆ ಅಂತ ಇಡ್ಬೇಕಿತ್ತು” ಅಂದಳು. ಸರಿಯೇ. ರಾತ್ರಿ ತೋಟದಲ್ಲಿ ಬೈನೆ ಮರ ಮುರಿಯುವ ಸದ್ದು ಕೇಳಿದವರಿಗೆ ಕುದುರೆಯ ಕಾಲಿನ ಸದ್ದು ಏನು ಹೆದರಿಕೆ?

ಆದರೆ ಒಂದು ಕಡೆ ಕನ್ನಡ ಈ ಪುಸ್ತಕಕ್ಕೆ ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗುತ್ತದೆ. ನಾವು ಕನಸು ‘ಬಿತ್ತು’ ಅನ್ನುತ್ತೇವೆ. ಕಾಣುತ್ತೇವೆ ಅಂತಲೂ ಅನ್ನುತ್ತೇವೆ, ಆದರೆ ಬೆಳಿಗ್ಗೆ ಎದ್ದು ಹೇಳುವಾಗ ಬಾಯಿಗೆ ಬರುವುದು “ಒಂದು ಕನಸು ಬಿತ್ತು ಮಾರಾಯ್ತಿ” ಅಂತಲೇ ಅಲ್ವಾ? ಯಾರೋ ಮೇಲಿಂದ ಹಾಕಿ ಹೋದ ಹಾಗೆ. ಹಾಗಾಗಿ ಕನಸು ಕೊಡುವವರಿದ್ದಾರೆ ಎನ್ನುವುದನ್ನು ಅವಳಿಗೆ ವಿವರಿಸಬೇಕಾಗಲಿಲ್ಲ. “ಹೌದಾ, ಇವ್ರಾ ಹಾಕೋದು” ಅಂದಳು, ಅಷ್ಟೇ. ಪಕ್ಕದಲ್ಲಿ ಮಲಗಿದ್ದ ಅಮ್ಮ, ಕೆಟ್ಟ ಕನಸು ಬಿದ್ದರೆ ದಿಂಬು ತಿರುಗಿಸಿ ಹಾಕಬೇಕು ಅಂತ ತಮ್ಮ ಕಡೆಯಿಂದ ಒಂದು ಮದ್ದು ಸೇರಿಸಿದರು.

ಮೂರು ರಾತ್ರಿ ಓದಿದ್ದೆವು. ಆಮೇಲೆ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಜಾರಿತು, ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಟಿವಿ ಆಫ್ ಮಾಡುವಷ್ಟರಲ್ಲಿ ಅವಳು ನೋಡಿಯಾಗಿತ್ತು. ಆ ರಾತ್ರಿ ಮತ್ತೆ ಚಪ್ಪಲಿ.

ಪುಸ್ತಕ ಮುಚ್ಚಿಡೋಣ ಅಂದುಕೊಂಡೆ. ಅವಳೇ ಬಿಡಲಿಲ್ಲ. ಮುಂದಿನ ಅಧ್ಯಾಯಗಳಲ್ಲಿ ಸಣಕಲಜ್ಜ ಚಿಕ್ಕಿಗೆ ಒಂದು ನಿಯಮ ಕಲಿಸುತ್ತಾನೆ. ಮುಟ್ಟು, ಆದರೆ ಹಗುರವಾಗಿ ಮುಟ್ಟು, ತೀರಾ ಒಳಗೆ ಇಳಿಯಬೇಡ. ಇಳಿದರೆ ವಸ್ತುವಿನ ತಳದಲ್ಲಿರುವ ನೋವು, ಸಿಟ್ಟು ಎಲ್ಲ ಮೇಲೆ ಬರುತ್ತೆ, ಇಳಿಯುವ ಚಟ ಹತ್ತಿದವರು ಕೊನೆಗೆ ತಾವೇ ಕೇಡುಗುದುರೆಗಳಾಗುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಡೆಲ್ವ್ ಅಂತ ಇದೆ. ನನಗೆ ತಕ್ಷಣ ಹೊಳೆದ ಕನ್ನಡ ಪದ ‘ಕೆದಕುವುದು’. ಹೇಳಿದ ಕೂಡಲೇ ಅವಳು ನನ್ನ ಕಡೆ ತಿರುಗಿ “ಆ ಮೈಕಿನವ್ರ ಥರ” ಅಂದಳು.

ಯಾರು ಅಂತ ನನಗೆ ಗೊತ್ತಿರಲಿಲ್ಲ, ಅಕ್ಕ ಆಮೇಲೆ ಹೇಳಿದಳು. ಪರಿಹಾರ ಕೇಂದ್ರದಲ್ಲಿ ಯಾವುದೋ ಚಾನೆಲಿನವರು ಬಂದು ಮೈಕು ಹಿಡಿದು, ನಿಮ್ಮನೆ ಬೀಳುವಾಗ ನೋಡಿದೆಯಾ ಪುಟ್ಟಾ, ಹೆದರಿಕೆ ಆಯ್ತಾ, ಹೇಗೆ ಸದ್ದು ಬಂತು ಹೇಳು ಅಂತ ಕೇಳಿದ್ದರಂತೆ. ಮೈಕಿನವರನ್ನು ಬಿಡಿ, ಬಂದ ನೆಂಟರಿಷ್ಟರು ಕೇಳಿದ್ದೂ ಅದೇ. ನಾನೂ ಕೇಳಿದ್ದೇನೆ. ಒಳ್ಳೆಯದಕ್ಕೇ ಕೇಳುತ್ತಿದ್ದೇನೆ ಅಂದುಕೊಂಡೇ ಕೇಳಿದ್ದು. ಈ ಪುಸ್ತಕದಲ್ಲಿ ಆ ವಯಸ್ಸಾದ ಹೆಂಗಸು ಜಾನ್‌ನನ್ನು ಹಾಗೆ ಕೇಳುವುದಿಲ್ಲ. ಅವನು ಹೊಲಸು ಮಾತಾಡಿದರೂ ಊಟ ಬಡಿಸುತ್ತಾಳೆ, ನಾಯಿಯನ್ನು ಅವನ ಹತ್ತಿರ ಬಿಡುತ್ತಾಳೆ, ತನ್ನ ಕತೆ ಹೇಳುತ್ತಾಳೆ. ಅವಳ ಮನೆಯಲ್ಲೊಂದು ಹಳೆ ಫೋಟೋ ಇದೆ, ಯುದ್ಧಕ್ಕೆ ಹೋಗಿ ಸತ್ತ ಸೈನಿಕನದು, ಅವಳು ಪ್ರೀತಿಸಿದ್ದವನು. ಹುಡುಗನ ಬಾಯಿಂದ ಮಾತು ಹೊರಡಿಸಲು ಅವಳು ಬೇರೇನೂ ಉಪಾಯ ಮಾಡುವುದಿಲ್ಲ. ಲೌರಿ ಇದನ್ನೆಲ್ಲ ಎಷ್ಟು ಕಡಿಮೆ ಮಾತಿನಲ್ಲಿ ಬರೆದಿದ್ದಾರೆಂದರೆ ಕನ್ನಡ ಮಾಡುವಾಗ ನಾನು ಎಲ್ಲೆಲ್ಲಿ ವಿವರಣೆ ಸೇರಿಸಿದೆನೋ ಅಲ್ಲೆಲ್ಲ ಕೆಡಿಸಿದೆ.

ಬರೆದವರ ಬಗ್ಗೆ ಒಂದು ಮಾತು. ಲೌರಿ 1937ರಲ್ಲಿ ಹವಾಯಿಯಲ್ಲಿ ಹುಟ್ಟಿದವರು, ಅಪ್ಪ ಸೈನ್ಯದಲ್ಲಿ ಹಲ್ಲಿನ ಡಾಕ್ಟರ್. ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಇವರಿಗೆ ಎರಡು ಸಲ ಬಂದಿದೆ, 1990ರಲ್ಲಿ ಮತ್ತು 1994ರಲ್ಲಿ. ಲೌರಿಯವರ ಅಕ್ಕ ಚಿಕ್ಕ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡರು, 1977ರ ಮೊದಲ ಕಾದಂಬರಿ ಆ ನೋವಿನಿಂದ ಬಂದದ್ದು. ಮಗ ಯುದ್ಧವಿಮಾನದ ಪೈಲಟ್, 1995ರಲ್ಲಿ ಅಪಘಾತದಲ್ಲಿ ಹೋದ. ಇದು ಗೊತ್ತಾದ ಮೇಲೆ ಆ ಫೋಟೋದ ಪುಟಗಳನ್ನು ನಾನು ಇನ್ನೊಂದು ಸಲ ಓದಿದೆ.

ಈಗ ನನ್ನ ದೊಡ್ಡ ತಕರಾರು. ತಕರಾರು ನನ್ನದಲ್ಲ, ಅವಳದು.

ನೆನಪು ವಸ್ತುವಿನಲ್ಲಿರುತ್ತೆ ಅಂತ ಈ ಪುಸ್ತಕ ನಂಬಿದೆ. ಮನೆ ತುಂಬ ಹಳೆ ಸಾಮಾನು ಇದ್ದರೆ ಕನಸಿಗೆ ಬೇಕಾದಷ್ಟು ಚೂರು. ಸರಿ, ಮನೆಯೇ ಹೋದವರಿಗೆ? ಅಕ್ಕನ ಮನೆಯ ಒಂದು ಲೋಟ ಕೂಡ ಉಳಿದಿಲ್ಲ. ಮದುವೆ ಫೋಟೋ ಇಲ್ಲ, ಇವಳು ಹುಟ್ಟಿದಾಗಿನ ಅಂಗಿ ಇಲ್ಲ, ತೊಟ್ಟಿಲು ಇಲ್ಲ. ಒಂದು ರಾತ್ರಿ ಓದುತ್ತಿರುವಾಗ ಅವಳು ಮೈಮೇಲಿದ್ದ ಸ್ವೆಟರನ್ನು ಹಿಡಿದುಕೊಂಡು ಕೇಳಿದಳು, “ಚಿಕ್ಕಮ್ಮ, ಇದು ನಂದಲ್ಲ. ಇದನ್ನ ಮುಟ್ಟಿದ್ರೆ ಬೇರೆ ಯಾರ್ದೋ ಕನಸು ಬೀಳುತ್ತಾ ನಂಗೆ?”

ಹಳದಿ ಸ್ವೆಟರ್, ಕೆಂಪು ಗುಂಡಿ, ಒಂದು ಗುಂಡಿ ಮಾತ್ರ ನೀಲಿ. ಪರಿಹಾರ ಕೇಂದ್ರಕ್ಕೆ ಲಾರಿಯಲ್ಲಿ ಬಂದ ಬಟ್ಟೆ ರಾಶಿಯಿಂದ ಅಕ್ಕ ಆರಿಸಿದ್ದು. ಆಗ ದೊಡ್ಡದಾಗುತ್ತಿತ್ತು, ಎಂಟರಲ್ಲಿ ಸರಿಯಾಗಿತ್ತು. ಆ ವರ್ಷ ಎಲ್ಲೆಲ್ಲಿಂದಲೋ ಬಂದ ಬಟ್ಟೆ ನೋಡಿದವರಿಗೆ ಗೊತ್ತು, ಒಳ್ಳೆಯದೂ ಇತ್ತು, ಹರಿದದ್ದೂ ಇತ್ತು, ಯಾರೋ ಪುಣ್ಯಾತ್ಮರು ಮದುವೆ ಸೂಟನ್ನೂ ಕಳಿಸಿದ್ದರು. ಈ ಸ್ವೆಟರನ್ನು ಕಳಿಸಿದ ಮಗು ಯಾರೋ, ಎಲ್ಲಿಯದೋ.

ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಲೌರಿಯ ಕತೆಯಲ್ಲಿ ಜಾನ್ ಎಲ್ಲ ಕಳೆದುಕೊಂಡವನಾದರೂ ಅವನು ಬಂದು ಸೇರುವುದು ತುಂಬಿದ ಮನೆಗೆ. ಏನು ಹೇಳಬೇಕೋ ತಿಳಿಯದೆ ನಾನು, ಬೀಳಬಹುದು, ನೀನು ನೋಡಿ ಹೇಳು ಅಂದೆ. ಅವಳು ಅದನ್ನು ಗಂಭೀರವಾಗಿ ತಗೊಂಡಳು. ಮರುದಿನ ಬೆಳಿಗ್ಗೆಯಿಂದ ಶುರು. ಆ ಹುಡುಗಿ ಲಿಫ್ಟಿನಲ್ಲಿ ಹೋಗುತ್ತಾಳಂತೆ, ಅವರ ಮನೆ ಹನ್ನೊಂದನೇ ಮಹಡಿಯಲ್ಲಿದೆಯಂತೆ, ಅಲ್ಲಿ ಮಳೆ ಬಂದರೆ ಸದ್ದೇ ಕೇಳುವುದಿಲ್ಲವಂತೆ. ಅವಳ ಅಜ್ಜಿ ನೀಲಿ ಗುಂಡಿ ಹೊಲಿದದ್ದು ಕೆಂಪು ಸಿಗದೆ ಅಲ್ಲ, ಬೇಕು ಅಂತಲೇ ಅಂತೆ. ಇದರಲ್ಲಿ ಎಷ್ಟು ನಿಜವಾಗಿ ಬಿದ್ದ ಕನಸು, ಎಷ್ಟು ಹಲ್ಲುಜ್ಜುತ್ತಾ ಹುಟ್ಟಿಸಿದ್ದು, ದೇವರಿಗೇ ಗೊತ್ತು. ಆದರೆ ವಾರದ ಕೊನೆಗೆ ಒಂದು ದಿನ ಹೇಳಿದಳು: “ಇವತ್ತು ನಮ್ಮನೆ ಕನಸು ಬಿತ್ತು. ಗುಡ್ಡ ಇಳೀತಾ ಇತ್ತು. ಆಗ ಆ ಹುಡುಗಿ ಲಿಫ್ಟ್ ತಗೊಂಡು ಬಂದ್ಲು.”

ಕೆಟ್ಟ ಕನಸು ಪದೇಪದೇ ಬೀಳುವವರಿಗೆ ಮನಃಶಾಸ್ತ್ರದವರು ಹೀಗೇ ಒಂದು ಅಭ್ಯಾಸ ಮಾಡಿಸುತ್ತಾರೆ. ಹಗಲು ಹೊತ್ತು, ಎಚ್ಚರವಿರುವಾಗ, ಆ ಕನಸಿನ ಕತೆಯನ್ನು ಬೇರೆ ಥರ ಬದಲಾಯಿಸಿ, ಬದಲಾದದ್ದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸುವುದು. ಇವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪುಸ್ತಕ ವಾಸಿ ಮಾಡಿತು ಅಂತ ನಾನು ಹೇಳುತ್ತಿಲ್ಲ ಮತ್ತೆ. ಅದಾದ ಮೇಲೂ ಚಪ್ಪಲಿ ಹಾಕಿಕೊಂಡು ಕೂತ ರಾತ್ರಿಗಳಿವೆ, ಅಕ್ಕ ಅವಳನ್ನು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿದ್ದೂ ಇದೆ, ಮಗು ತಿಂಗಳಾನುಗಟ್ಟಲೆ ನಿದ್ದೆ ಮಾಡದಿದ್ದರೆ ನೀವೂ ಹೋಗಿ, ದಿಂಬು ತಿರುಗಿಸಿಕೊಂಡು ಕೂರಬೇಡಿ. ಆದರೆ ಇಲ್ಲೇ ಪುಸ್ತಕದ ಒಂದು ಕೊರತೆಯೂ ಕಾಣುತ್ತೆ. ಕನಸಿನ ಕೆಲಸವನ್ನೆಲ್ಲ ಚಿಕ್ಕಿ, ಸಣಕಲಜ್ಜರೇ ಮಾಡುತ್ತಾರೆ. ಜಾನ್ ಮಲಗಿರುತ್ತಾನೆ. ಹಗಲಲ್ಲಿ ನಾಯಿಯ ಜೊತೆ, ಆ ಹೆಂಗಸಿನ ಜೊತೆ ಅವನು ಬದಲಾಗುವುದು ಚೆನ್ನಾಗಿ ಬಂದಿದೆ, ರಾತ್ರಿ ಮಾತ್ರ ಅವನ ಕೈಯಲ್ಲಿ ಏನೂ ಇಲ್ಲ.

ಇನ್ನೂ ಕೆಲವು ಕೊರತೆ. ಜಾನ್‌ನ ಅಮ್ಮನ ಭಾಗ ತೀರಾ ತೆಳು. ಒಂಟಿ ಹೆಂಗಸು, ಗಂಡನ ಹೊಡೆತದಿಂದ ತಪ್ಪಿಸಿಕೊಂಡವಳು, ಮಗನಿಗಾಗಿ ಕಾಯುತ್ತಿರುವವಳು, ಅವಳ ಮೇಲೇ ಒಂದು ಪುಸ್ತಕ ಬರೆಯಬಹುದಿತ್ತು, ಇಲ್ಲಿ ಆಗಾಗ ಬಂದು ಹೋಗುತ್ತಾಳೆ. ಅಪ್ಪ ಬರೀ ರಾಕ್ಷಸ. ಹಾಗಿರುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ, ಆದರೂ. ಮೊದಲ ಎರಡು ಅಧ್ಯಾಯ ಯಾರು ಯಾರೆಂದು ತಿಳಿಯದೆ ಗೊಂದಲ, ಮಗು ಆಕಳಿಸಿದರೆ ಬಿಡಬೇಡಿ, ಮೂರನೆಯದರ ಹೊತ್ತಿಗೆ ಹಿಡಿದುಕೊಳ್ಳುತ್ತೆ. ಕೇಡುಗುದುರೆಗಳ ಅಷ್ಟು ದೊಡ್ಡ ಹೆದರಿಕೆ ಕಟ್ಟಿ ಕೊನೆಗೆ ಬೇಗ ಮುಗಿಸಿಬಿಟ್ಟರು ಅಂತಲೂ ಅನಿಸಿತು. ಅವಳಿಗೆ ಹಾಗನಿಸಲಿಲ್ಲವಂತೆ.

ಜೊತೆಗೆ ಕೂತು ಓದಿ ಅಂದದ್ದು ಯಾಕೆಂದರೆ, ಪುಸ್ತಕದಲ್ಲಿ ಜಾನ್‌ಗೆ ಅಪ್ಪ ಮಾಡಿದ್ದು ಹೊರಬರುವ ಜಾಗಗಳಿವೆ. ನಾಯಿಯ ಊಟವನ್ನು ಹುಡುಗನಿಗೆ ತಿನ್ನಿಸುವ ಒಂದು ಸಂಗತಿ ಇದೆ. ನಾನು ತಯಾರಿಲ್ಲದೆ ಆ ಪುಟಕ್ಕೆ ಬಂದು ಬಾಯಿ ಕಟ್ಟಿಹೋಯಿತು. ಸುಮ್ಮನೆ ಹಾರಿಸಿಬಿಟ್ಟೆ. ಅವಳು ಪುಟ ತಿರುವಿದ್ದನ್ನು ಗಮನಿಸಿ, “ಎರಡು ಪುಟ ಒಟ್ಟಿಗೆ ಹೋಯ್ತು” ಅಂದಳು. ಮಕ್ಕಳಿಗೆ ಮೋಸ ಮಾಡಲಿಕ್ಕಾಗುವುದಿಲ್ಲ. ಒಂಬತ್ತು ಹತ್ತು ವರ್ಷದ ಮೇಲಿನವರಿಗೆ ಸರಿ ಅಂತ ನನ್ನ ಲೆಕ್ಕ. ಅದಕ್ಕಿಂತ ಚಿಕ್ಕವರಿದ್ದರೆ ನೀವು ಮೊದಲು ಓದಿಕೊಳ್ಳಿ. ಮನೆಯಲ್ಲೇ ಹೊಡೆತ ತಿನ್ನುವ ಮಗುವಿನ ಕೈಗೆ ಹೀಗೇ ಕೊಟ್ಟು ಬರಬೇಡಿ. ಇಂಗ್ಲಿಷ್ ಸುಲಭ, ವಾಕ್ಯ ಚಿಕ್ಕದು, ಏಳನೇ ಕ್ಲಾಸಿನವರು ತಾವೇ ಓದಿಕೊಳ್ಳಬಹುದು.

ಅವಳೀಗ ಹೈಸ್ಕೂಲು. ಅಕ್ಕನವರಿಗೆ ಜಂಬೂರಿನಲ್ಲಿ ಮನೆ ಸಿಕ್ಕಿದೆ. ಹೋದ ತಿಂಗಳು ಬಂದವಳು ಕಪಾಟಿನಿಂದ ತೆಗೆದು ತಾನೇ ಇಂಗ್ಲಿಷಿನಲ್ಲಿ ಓದಿದಳು, ಒಂದೇ ಮಧ್ಯಾಹ್ನದಲ್ಲಿ. ನನ್ನ ಅನುವಾದದ ಬಗ್ಗೆ ತೀರ್ಪೂ ಬಂತು. ಸಣಕಲಜ್ಜ ಅಷ್ಟೊಂದು ಮಾತಾಡುವುದೇ ಇಲ್ಲವಂತೆ, ಅರ್ಧ ನಾನೇ ಹೊಸೆದದ್ದಂತೆ. ಸಿಡುಕಮ್ಮ ಮಾತ್ರ ಕನ್ನಡದಲ್ಲೇ ಚೆನ್ನಾಗಿದ್ದಳಂತೆ. ಹಾರಿಸಿದ್ದ ಆ ಪುಟವನ್ನು ಓದಿದೆಯಾ ಅಂತ ಕೇಳಲು ಬಾಯಿ ತೆಗೆದವಳು ಸುಮ್ಮನಾದೆ. ಅವಳೇ ಹೇಳಿದಳು, “ಓದ್ದೆ. ನೀವು ಹಾರ್ಸಿದ್ದು ಒಳ್ಳೇದಾಯ್ತು. ಆಗ ಟೋಬಿ ಮೇಲೂ ಸಿಟ್ಟು ಬರ್ತಿತ್ತು ನಂಗೆ.”

ಪುಸ್ತಕದ ಕಾಗದ ತೆಳು, ಅಂಟು ಅಷ್ಟಕ್ಕಷ್ಟೆ, ನಮ್ಮ ಮಳೆಗಾಲಕ್ಕೆ ಆಗುವುದಲ್ಲ. ಕಪಾಟಿನಲ್ಲಿ ಉಳಿದ ಪುಸ್ತಕಗಳಿಗೆಲ್ಲ ಬೂಸ್ಟು ಬಂದಿದೆ, ಇದಕ್ಕೆ ಬಂದಿಲ್ಲ. ಹೋಗುವಾಗ ಅವಳು ಅದನ್ನು ಹಳದಿ ಸ್ವೆಟರಿನಲ್ಲಿ ಸುತ್ತಿ, ಗುಂಡಿ ಹಾಕಿ ಇಟ್ಟು ಹೋಗಿದ್ದಾಳೆ.